ಅಡುಗೆಮನೆಯ ಎರಡು ಕುರ್ಚಿಗಳು

ಪಿಟ್ಸ್‌ಬರ್ಗ್‌ನಲ್ಲೇ ಉಳಿಯುವುದೋ, ಫೀನಿಕ್ಸ್‌ಗೆ ಹೋಗುವುದೋ ಎಂಬುದನ್ನು ಎಮಿಲ್ ಹುಡಾಕ್ ಸಂಜೆ ಐದರೊಳಗೆ ತೀರ್ಮಾನಿಸಬೇಕಿತ್ತು. ಫೀನಿಕ್ಸ್‌ನಲ್ಲಿದ್ದ ಅಕ್ಕ ವೆರೋನಾ ತನ್ನ ಪಕ್ಕದ ಖಾಲಿ ಮನೆಯನ್ನು ಅವನಿಗಾಗಿ ಹಿಡಿದಿಟ್ಟಿದ್ದಳು.

"ಐದು ಗಂಟೆಗೆ ಫೋನ್ ಮಾಡ್ತೀನಿ. ಹೂಂ ಅನ್ನು, ಇಲ್ಲಾ ಊಹೂಂ ಅನ್ನು. 'ನೋಡೋಣ' ಅಂದ್ಯೋ, ನಾನು ಫೋನ್ ಇಟ್ಟೆ" ಎಂದಿದ್ದಳು.

ಅಲ್ಲಿ ವರ್ಷವಿಡೀ ಬಿಸಿಲು. ಆದರೆ ಬಿಸಿಲಿನ ಜತೆಗೆ ವೆರೋನಾಳೂ ಸಿಗುತ್ತಾಳೆ. 'ನಿಂತು ತಿನ್ನಬೇಡ, ಕೂತು ತಿನ್ನು' ಎಂದು ಎಮಿಲ್ ಐದು ವರ್ಷದವನಿದ್ದಾಗ ತಿದ್ದಲು ಹಿಡಿದವಳು, ಅವನಿಗೆ ಅರವತ್ತೊಂಬತ್ತಾದರೂ ನಿಲ್ಲಿಸಿರಲಿಲ್ಲ. ಇಲ್ಲಿಯೋ, ಹಿಮ, ಏರುಬೀದಿ, ನೋಯುವ ಮಂಡಿ. ಹೆಂಡತಿ ಆಗ್ನೆಸ್ ತೀರಿಕೊಂಡ ಮೇಲೆ ಮೂರು ವರ್ಷ ಅವನನ್ನು ಬೀಳದಂತೆ ಹಿಡಿದಿದ್ದು ಈ ಏರುಬೀದಿಯ ಜನವೇ. ತಾನು ಹೋದರೆ ಇಲ್ಲಿ ಯಾರಿಗಾದರೂ ಏನಾದರೂ ಅನ್ನಿಸುತ್ತದೆಯೇ? ಅಷ್ಟು ಗೊತ್ತಾಗಿದ್ದರೆ ಅವನು ಐದರವರೆಗೂ ಕಾಯುತ್ತಿರಲಿಲ್ಲ.

ಹಿಂದಿನ ದಿನ ಮೊಣಕಾಲುದ್ದ ಹಿಮ ಬಿದ್ದಿತ್ತು. ಎಮಿಲ್ ಎರಡು ಗಂಟೆ ಸಲಿಕೆ ಹಿಡಿದು, ಮನೆಯೆದುರು ಹೂತಿದ್ದ ಕಾರನ್ನು ಬಿಡಿಸಿದ. ಔಷಧಿ ಅಂಗಡಿಗೆ ಹೊರಡುವಾಗ, ಅಡುಗೆಮನೆಯ ಎರಡು ಕುರ್ಚಿಗಳಲ್ಲಿ ಆಗ್ನೆಸ್ ಕೂರುತ್ತಿದ್ದುದನ್ನು ತಂದು ಖಾಲಿಯಾದ ಜಾಗದಲ್ಲಿಟ್ಟ. ಹಿಮ ಬಾಚಿ ಕುರ್ಚಿ ಇಟ್ಟವನದೇ ಆ ಜಾಗ. ಇನ್ನೊಬ್ಬರ ಕುರ್ಚಿ ಸರಿಸಿ ಕಾರು ನಿಲ್ಲಿಸುವವನು ಪಿಟ್ಸ್‌ಬರ್ಗ್‌ನಲ್ಲಿ ಕಳ್ಳನಿಗಿಂತ ಕಡೆ. ಕಳ್ಳನನ್ನಾದರೂ ಪಾದ್ರಿಗಳು ಕ್ಷಮಿಸಿಯಾರು.

ಎದುರುಮನೆಯ ನಿವೃತ್ತ ನರ್ಸ್ ರೊಸಾಲಿಯಾ ಒಂದು ಡಬ್ಬಿ ಹಿಡಿದು ಬಂದಳು. ಎಮಿಲ್‌ನ ಮನೆಯ ಇನ್ನೊಂದು ಬೀಗದ ಕೈ ಇರುತ್ತಿದ್ದುದು ಅವಳ ಬಳಿ.

"ತಗೋ, ಚರ್ಚಿನ ಹೆಂಗಸರು ಮಾಡಿದ ಪಿರೋಗಿ ಕಡುಬು. ಆಲೂಗಡ್ಡೆ ತುಂಬಿರೋದು, ನಿಂಗಿಷ್ಟ ಅಲ್ವಾ. ಏನ್ ತೀರ್ಮಾನ ಮಾಡ್ದೆ?"

"ಇನ್ನೂ ಇಲ್ಲ..."

"ಹೋಗು ಮಾರಾಯ! ಅಲ್ಲಿ ಚಳಿಗಾಲದಲ್ಲೂ ಅಂಗಿ ಬಿಚ್ಚಿ ಕೂರಬಹುದಂತೆ. ನಿನ್ನ ಮಂಡಿ ಕುಣಿದಾಡುತ್ತೆ ನೋಡು" ಎಂದವಳು, ಚಳಿಗೆ ಮೂಗು ಸೋರುತ್ತಿದೆಯೆಂದು ಸರಕ್ಕನೆ ಒಳಗೆ ಹೋದಳು.

ಪಕ್ಕದ ಮನೆಯ ಕ್ಲಾರೆನ್ಸ್ ಮೂವತ್ತು ವರ್ಷ ಬಸ್ಸು ಓಡಿಸಿದವನು. ಮೆಟ್ಟಿಲಿನ ಮೇಲಿಂದಲೇ ಕೂಗಿದ. "ಹೋಗಪ್ಪಾ ಹೋಗು! ಅಲ್ಲಿ ಸಲಿಕೆ ಹಿಡಿಯೋರು ತೋಟದೋರು ಮಾತ್ರ." ಆಮೇಲೆ ಕುರ್ಚಿಯ ಕಡೆ ನೋಡಿ, "ನಿನ್ನ ಜಾಗ ಮಾತ್ರ ಈ ಬೀದೀಲೇ ಒಳ್ಳೇದು ಬಿಡು" ಎಂದ.

ಎಮಿಲ್‌ಗೆ ಅನುಮಾನ ಹುಟ್ಟಿತು. ಇವರಿಗೆ ಬೇಕಾಗಿರುವುದು ತಾನಲ್ಲ, ತನ್ನ ಕಾರು ನಿಲ್ಲುವ ಜಾಗ!

ಔಷಧಿ ತೆಗೆದುಕೊಂಡು, ತಲೆಗೂದಲು ಕತ್ತರಿಸಿಕೊಂಡು ನಾಲ್ಕೂವರೆಗೆ ಮರಳಿದಾಗ ಅನುಮಾನ ನಿಜವಾಯಿತು. ಆಗ್ನೆಸ್‌ಳ ಕುರ್ಚಿ ಮಾಯ. ಅದರ ಜಾಗದಲ್ಲಿ ರೊಸಾಲಿಯಾಳ ಕೆಂಪು ಮಖಮಲ್ಲಿನ ಊಟದ ಕುರ್ಚಿಯೂ ಕ್ಲಾರೆನ್ಸ್ ಮೀನು ಹಿಡಿಯಲು ಒಯ್ಯುವ ಮಡಚು ಕುರ್ಚಿಯೂ ನೆಂಟರಂತೆ ಕೂತಿದ್ದವು.

"ಇನ್ನೂ ಉಸಿರಾಡ್ತಿದೀನಿ, ಆಗಲೇ ಆಸ್ತಿ ಪಾಲು!" ಎಂದು ಎಮಿಲ್ ಕಾರಿನೊಳಗೇ ಗೊಣಗಿದ.

ಆದರೂ ಇಳಿದು ಕುರ್ಚಿ ಸರಿಸಬೇಕೆಂದು ಅವನಿಗೆ ತೋಚಲೂ ಇಲ್ಲ. ಬೇರೆ ಜಾಗ ಹುಡುಕುತ್ತ ಬೀದಿ ಬೀದಿ ಸುತ್ತಿದ. ಕೊನೆಗೆ ಗುಡ್ಡದ ನೆತ್ತಿಯಲ್ಲಿ ಕಾರು ಬಿಟ್ಟು, ಆಗ ತಾನೇ ನಡೆಯಲು ಕಲಿತ ಮಗುವಿನಂತೆ ಬೇಲಿ ಹಿಡಿದು ಹಿಡಿದು ಇಳಿದ. ಎರಡು ಸಲ ಜಾರಿ ಕೂತ. ಮನೆಯೊಳಗೆ ಕಾಲಿಟ್ಟಾಗ ಫೋನ್ ಬಡಿದುಕೊಳ್ಳುತ್ತಿತ್ತು.

"ಅಕ್ಕಾ, ಹೂಂ! ಬರ್ತೀನಿ. ಇಲ್ಲಿ ಯಾರಿಗೂ ನಾನು ಬೇಡ."

"ಎಲ್ಲಿಗೋ ಬರ್ತೀಯ? ಆ ಮನೆ ಮಧ್ಯಾಹ್ನಾನೇ ಬಿಟ್ಟುಕೊಟ್ಟೆ."

"ಯಾಕೆ?"

"ಯಾಕೆ ಅಂದ್ರೆ, ರೊಸಾಲಿಯಾ ಅನ್ನೋಳು ನಿನ್ನ ಫ್ರಿಜ್ ಮೇಲಿಂದ ನನ್ನ ನಂಬರ್ ಬರ್ಕೊಂಡು ಫೋನ್ ಮಾಡಿದ್ಲು. 'ನಾವು ಇರು ಅಂದ್ರೆ ಮುಲಾಜಿಗೆ ಇದ್ದುಬಿಡ್ತಾನೆ, ಅದಕ್ಕೇ ಹೋಗು ಹೋಗು ಅಂತಿದೀವಿ' ಅಂತ ಗೊಳೋ ಅಂತ ಅತ್ಲು. ಆಮೇಲೆ ಯಾರೋ ಕ್ಲಾರೆನ್ಸ್. ನಿನ್ನ ಕಾಫಿಗೆ ಎಷ್ಟು ಸಕ್ಕರೆ, ಯಾವ ಮಂಡಿ ನೋವು, ಎಲ್ಲಾ ವರದಿ ಒಪ್ಪಿಸ್ದ. ನಂಗಿಲ್ಲಿ ಹನ್ನೊಂದು ವರ್ಷ ಆಯ್ತು ಕಣೋ, ಎದುರುಮನೆಯೋರ ಹೆಸರೂ ಗೊತ್ತಿಲ್ಲ." ವೆರೋನಾಳ ದನಿ ಒಂದು ಕ್ಷಣ ತಗ್ಗಿತು, ಮತ್ತೆ ಮಾಮೂಲಿಗೆ ಬಂತು. "ಅದಕ್ಕೇ ನಾನೇ ಅಲ್ಲಿಗೆ ಬರ್ತಿದೀನಿ. ನಿನ್ನ ಜೊತೇಲೇ ಇರ್ತೀನಿ. ಬುಧವಾರದ ಹೊತ್ತಿಗೆ, ನನ್ನ ಕಾರಲ್ಲೇ. ಕಾರು ದೊಡ್ಡದು, ಜಾಗ ಮಾಡಿಡು."

ಎಮಿಲ್ ಫೋನ್ ಇಟ್ಟ. ಬಾಗಿಲು ಬಡಿದ ಸದ್ದಾಯಿತು. ರೊಸಾಲಿಯಾ, ಅವಳ ಹಿಂದೆ ಮುರಿದ ಕುರ್ಚಿಯನ್ನು ಎತ್ತಿಕೊಂಡ ಕ್ಲಾರೆನ್ಸ್.

"ಹಿಮ ತಳ್ಳೋ ಲಾರಿ ಬಂದು ಆಗ್ನೆಸ್ ಕುರ್ಚಿ ಮುರೀತು" ಎಂದ ಕ್ಲಾರೆನ್ಸ್. "ಕಾಲು ನಾಲ್ಕೂ ಸಿಕ್ಕಿವೆ, ಅಂಟು ಹಾಕಿ ಕೊಡ್ತೀನಿ. ನಿನ್ನ ಜಾಗ ಬೇರೆ ಯಾರೂ ಹೊಡ್ಕೋಬಾರ್ದು ಅಂತ ನಮ್ಮ ಕುರ್ಚಿ ಇಟ್ವಿ. ಎಲ್ಲಿ ನಿನ್ನ ಕಾರು?"

"ಗುಡ್ಡದ ಮೇಲೆ."

"ಕುರ್ಚಿ ಸರಿಸಿ ನಿಲ್ಲಿಸೋದಲ್ವಾ?"

"ನಿಮ್ಮ ಕುರ್ಚಿನ ನಾನು ಹೇಗೆ ಸರಿಸ್ಲಿ?"

ಅದೂ ನಿಜವೇ. ಕ್ಲಾರೆನ್ಸ್ ಹೋಗಿ ಕಾರು ಇಳಿಸಿಕೊಂಡು ಬಂದ. ಆಮೇಲೆ ವೆರೋನಾಳ ಸುದ್ದಿ ಕೇಳಿ, ಹಿಮ ಗಟ್ಟಿಯಾಗುವ ಮೊದಲೇ ಎಂದು ಮೂವರೂ ಸಲಿಕೆ ಹಿಡಿದು ಪಕ್ಕದಲ್ಲೇ ಇನ್ನೊಂದು ಜಾಗ ಬಿಡಿಸಿದರು. ಎಮಿಲ್ ಅಡುಗೆಮನೆಯಲ್ಲಿ ಉಳಿದಿದ್ದ ಕುರ್ಚಿಯನ್ನು ತಂದು ಅಲ್ಲಿಟ್ಟ.

ಒಳಗೆ ಬಂದು, ಪಿರೋಗಿಯನ್ನು ಬೆಣ್ಣೆಯಲ್ಲಿ ಬಿಸಿ ಮಾಡಿ, ತಟ್ಟೆಯೊಂದಿಗೆ ತಿರುಗಿ ನೋಡುತ್ತಾನೆ, ಕೂರಲು ಒಂದೂ ಕುರ್ಚಿಯಿಲ್ಲ. ಮೊದಲ ತುತ್ತು ಬಾಯಿಗಿಟ್ಟ. ಫೋನ್ ಬಡಿದುಕೊಂಡಿತು.

"ಎಮಿಲ್," ಎಂದಳು ವೆರೋನಾ, "ನಿಂತ್ಕೊಂಡು ತಿಂತಿದೀಯಲ್ವಾ?"