ಗಂಜಿ ಊಟದ ಲೆಕ್ಕಕ್ಕಿಲ್ಲ

ಮದ್ದು ಕೊಡುವ ಡಾಕ್ಟರನ್ನು ನಾನು ಹೇಗೋ ಸಹಿಸಿಕೊಳ್ಳುತ್ತೇನೆ. ಉಪದೇಶ ಕೊಡುವವರನ್ನು ಕಂಡರಾಗದು. ನನಗೆ ಸಕ್ಕರೆ ಕಾಯಿಲೆ ಎಂದ ಮೈಸೂರು ಕಡೆಯ ಡಾಕ್ಟರು ಎರಡನ್ನೂ ಕೊಟ್ಟರು. ಬಂದರಿನಲ್ಲಿ ಕುರ್ಚಿ ಹಾಕಿ ಕೂತು ಮೀನು ಏಲಂ ಮಾಡಿಸುವವನು ನಾನು. ಮೈಯಲ್ಲಿ ಮೂಳೆ ಬಿಟ್ಟರೆ ಚರ್ಮ. "ಹೊಟ್ಟಿ ಎಲ್ಲಿತ್ ಕಾಣಿ, ಡಾಕ್ಟ್ರೇ!" ಎಂದು ಅಂಗಿ ಎತ್ತಿಯೇ ತೋರಿಸಿದೆ. "ಅದೇ ಮೋಸ," ಎಂದರು. "ನಮ್ಮ ದೇಶದವರು ಹೊರಗೆ ತೆಳ್ಳಗಿದ್ದರೂ ಕೊಬ್ಬು ಒಳಗೆ ಕೂತಿರುತ್ತೆ. ಬಿಳಿಯರಿಗೆ ಚೆನ್ನಾಗಿ ದಪ್ಪವಾದ ಮೇಲೆ ಬರೋ ಸಕ್ಕರೆ ನಮಗೆ ಮೊದಲೇ ಬಂದುಬಿಡುತ್ತೆ. ರಾತ್ರಿ ಅನ್ನ ಬಿಟ್ಟು ಎರಡು ಚಪಾತಿ ತಿನ್ನಿ. ಇಳಿಯದಿದ್ದರೆ ಇನ್ಸುಲಿನ್ ಸೂಜಿಯೇ ಗತಿ."

ಎಂಥ ನ್ಯಾಯ ನೋಡಿ! ಬೆಣ್ಣೆ ಮೆತ್ತಿಕೊಂಡು ತಿನ್ನುವ ಬಿಳಿಯನಿಗೆ ರಿಯಾಯಿತಿ, ಬಂಗುಡೆ ಸಾರಿನವನಿಗೆ ಶಿಕ್ಷೆ. ಆದರೆ ಸೂಜಿ ಎಂದರೆ ಓಡುವವನು ನಾನು. ಹಾಗಾಗಿ ಚಪಾತಿ ತಿಂದೆ. ಆ ಒಣ ಹಪ್ಪಳವನ್ನು ನಮ್ಮ ಕಡೆ ಯಾರಾದರೂ ಊಟ ಎನ್ನುತ್ತಾರೆಯೇ? ಅದು ಮದ್ದು. ಮದ್ದು ನುಂಗಿ ಎಂದಿನಂತೆ ಅನ್ನ ಉಂಡೆ. ಬೆಳಿಗ್ಗೆ ಹತ್ತರ ಗಂಜಿಯ ವಿಷಯ ಡಾಕ್ಟರಿಗೆ ಹೇಳಲೇ ಇಲ್ಲ. ಮುಚ್ಚಿಟ್ಟದ್ದಲ್ಲ, ಗಂಜಿಯನ್ನು ಊಟದ ಲೆಕ್ಕಕ್ಕೆ ಹಿಡಿಯುವ ಮನುಷ್ಯ ಬೈಂದೂರಿನಿಂದ ಬ್ರಹ್ಮಾವರದ ತನಕ ಇನ್ನೂ ಹುಟ್ಟಿಲ್ಲ.

ಸಕ್ಕರೆ ಇಳಿಯಲಿಲ್ಲ, ಏರಿತು. ನನಗೋ ಒಳಗೊಳಗೇ ಗೆದ್ದ ಖುಷಿ. ಮುಂದಿನ ಸಲ ಡಾಕ್ಟರನ್ನೇ ತರಾಟೆಗೆ ತೆಗೆದುಕೊಂಡೆ: "ಜನಕ್ಕೊಂದ್ ಮೈ ಅಂದವ್ರ್ ನೀವೇ ಅಲ್ದಾ? ಗೋಧಿ ಪಂಜಾಬಿನವ್ರಿಗೆ. ನಮ್ ಮೈಗ್ ಅದ್ ಹಿಡಿತಿಲ್ಲೆ." ಪಕ್ಕದಲ್ಲಿದ್ದ ನನ್ನ ಹೆಂಡತಿ ಜಲಜ ಬಾಯಿಬಿಟ್ಟಳು. "ಚಪಾತಿ ತಿಂದ್ ಮೇಲೆ ಇವ್ರ್ ಊಟ ಮಾಡ್ತ್ರ್, ಡಾಕ್ಟ್ರೇ. ಹತ್ ಗಂಟಿಗ್ ಗಂಜಿ ಬೇರೆ." ಡಾಕ್ಟರು ನಗಲಿಲ್ಲ. ಪ್ರತಿ ಊಟಕ್ಕೂ ಮುಂಚೆ ಸೂಜಿ ಎಂದು ಬರೆದುಕೊಟ್ಟರು.

ಮರುದಿನ ಗಂಜಿ ಬಟ್ಟಲಿನ ಪಕ್ಕದಲ್ಲಿ ಜಲಜ ಸೂಜಿಯನ್ನೂ ತಂದಿಟ್ಟಳು.

"ಗಂಜಿ ಊಟ ಅಲ್ಲ ಮಾರಾಯ್ತಿ!" ಎಂದು ಗದರಿದೆ.

"ಹೌದಾ? ಊಟ ಅಲ್ದಿರೆ ಬಿಡಿ, ಬಟ್ಲ್ ತಕಂಡ್ ಹೋತೆ," ಎಂದು ಕೈ ಹಾಕಿದಳು.

ಕುಚ್ಚಲಕ್ಕಿಯ ಹಬೆ ಮೂಗಿಗೆ ಬಡಿಯುತ್ತಿತ್ತು, ಬದಿಯಲ್ಲಿ ಮಿಡಿ ಉಪ್ಪಿನಕಾಯಿ. ತೆಪ್ಪಗೆ ಅಂಗಿ ಎತ್ತಿದೆ. ಇಲ್ಲವೇ ಇಲ್ಲ ಎಂದು ಡಾಕ್ಟರಿಗೆ ತೋರಿಸಿದ್ದ ಹೊಟ್ಟೆ, ಚಿವುಟಿ ಹಿಡಿದು ಚುಚ್ಚಲು ಧಾರಾಳವಾಗಿಯೇ ಇತ್ತು.