ಕೆಟ್ಟ ಹಾಲು ಕೊಡದ ಕಾವೇರಮ್ಮ

ಶಹಲಾ: ಏನೂ ಬೆಳೆದಿಲ್ಲ ಕಾವೇರಮ್ಮ! ಎರಡು ಸಲ ಹಾಲು ತಂದ್ರಿ, ಎರಡು ಸಲವೂ ಪ್ಲೇಟ್ ಖಾಲಿ.

ಕಾವೇರಮ್ಮ: ಖಾಲಿ ಇದ್ರೆ ಒಳ್ಳೆದಲ್ವಾ ಮಾರಾಯ್ತಿ? ದನಕ್ಕೆ ಏನೂ ಇಲ್ಲ ಅಂತ ಬರೆದು ಕೊಡು.

ಶಹಲಾ: ಕೆಚ್ಚಲು ಕಲ್ಲಿನ ಹಾಗೆ ಆಗಿದೆ ಅಂತ ಇಲ್ಲಿ ಕೂತು ಅತ್ತದ್ದು ಯಾರು ಹಾಗಾದ್ರೆ?

ಮೂಡುಬಿದಿರೆಯ ಪಶುರೋಗ ಲ್ಯಾಬಿನಲ್ಲಿ ಕೆಲಸ ಮಾಡುವ ಶಹಲಾಳಿಗೆ ತಲೆ ಚಿಟ್ಟು ಹಿಡಿದಿತ್ತು. ಹಾಲನ್ನು ಪ್ಲೇಟಿಗೆ ಸವರಿ ಬೆಚ್ಚಗಿಟ್ಟರೆ ರೋಗಾಣು ಚುಕ್ಕೆ ಚುಕ್ಕೆಯಾಗಿ ಬೆಳೆಯಬೇಕು. ಅದು ಯಾವುದೆಂದು ತಿಳಿದರೆ ತಾನೇ ಸರಿಯಾದ ಮದ್ದು? ಇನ್ನೂ ತಡವಾದರೆ ಆ ಕೆಚ್ಚಲಿನ ಆಸೆ ಬಿಟ್ಟಂತೆಯೇ.

ಶಹಲಾ: ನಿಜ ಹೇಳಿ. ಹಾಲಿಗೆ ಏನು ಮಾಡಿದ್ರಿ?

ಕಾವೇರಮ್ಮ: ಏನು ಮಾಡ್ತೇನೆ? ಮೊದಲ ಸಲ ಚೆನ್ನಾಗಿ ಕುದಿಸಿದೆ. ಹಸಿ ಹಾಲು ಬಸ್ಸಿನಲ್ಲಿ ಒಡೆದ್ರೆ?

ಶಹಲಾ: ಯಾ ಅಲ್ಲಾಹ್! ಎರಡನೇ ಸಲ?

ಕಾವೇರಮ್ಮ: ಕುದಿಸ್ಲಿಲ್ಲ, ದೇವರಾಣೆ. ಆದ್ರೆ ಬಾವು ಬಂದ ಮೊಲೆಯ ಹಾಲು ಗಂಟು ಗಂಟು, ವಾಸನೆ ಬೇರೆ. ಅದನ್ನು ಕೊಡುವುದು ಹೇಗೆ? ಪಕ್ಕದ ಮೊಲೆಯಿಂದ ಕರೆದು ತಂದೆ.

ಶಹಲಾ: ನಮಗೆ ಕೆಟ್ಟದ್ದೇ ಬೇಕಮ್ಮ!

ಕಾವೇರಮ್ಮ: ನಮ್ಮ ಮನೆಯಿಂದ ಕೆಟ್ಟ ಹಾಲು ಹೊರಗೆ ಹೋದದ್ದೇ ಇಲ್ಲ. ಜನ ಏನು ಹೇಳಿಯಾರು?

ಶಹಲಾ: ಜನ ಬಿಡಿ. ಕೆಚ್ಚಲು ಬತ್ತಿಹೋದ್ರೆ ದನ ಏನು ಹೇಳೀತು?

ಮರುದಿನ ಕೆಟ್ಟ ಹಾಲಿನ ಬಾಟಲಿ ಕಾವೇರಮ್ಮನ ಸೆರಗಿನ ಮರೆಯಲ್ಲಿ ಕದ್ದ ಮಾಲಿನ ಹಾಗೆ ಬಂತು. ಫಲಿತಾಂಶ ಕೇಳಲು ಅವರು ಮತ್ತೆ ಬಂದಾಗ ಪ್ಲೇಟಿನ ತುಂಬ ಹೊಂಬಣ್ಣದ ಚುಕ್ಕೆಗಳು. ಶಹಲಾ ಒಂದನ್ನು ಗಾಜಿನ ಮೇಲೆ ಸವರಿ, ಪೆರಾಕ್ಸೈಡ್ ಹನಿ ಬಿಟ್ಟಳು.

ಕಾವೇರಮ್ಮ: ಅಯ್ಯೋ, ನೊರೆ!

ಶಹಲಾ: ಅದು ಒಂದು ಗುರುತು. ಈ ಟ್ಯೂಬಿನಲ್ಲಿ ರಕ್ತದ ಪ್ಲಾಸ್ಮಾ ಹೆಪ್ಪುಗಟ್ಟಿದ್ದು ಇನ್ನೊಂದು. ಆಸಾಮಿ ಸ್ಟ್ಯಾಫಿಲೊಕಾಕಸ್ ಆರಿಯಸ್. ಯಾವ ಮದ್ದಿಗೆ ಸಾಯ್ತಾನೆ ಅಂತಲೂ ನೋಡಿ ಆಯ್ತು. ಡಾಕ್ಟರಿಗೆ ರಿಪೋರ್ಟ್ ಕಳಿಸ್ತೇನೆ.

ಕಾವೇರಮ್ಮನಿಗೆ ಸಮಾಧಾನದಿಂದ ಕಣ್ಣು ತುಂಬಿ ಬಂತು. ಮರುಕ್ಷಣವೇ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

ಕಾವೇರಮ್ಮ: ಮಗಾ, ಒಂದು ಉಪಕಾರ ಮಾಡು. ಅದ್ರಲ್ಲಿ ನನ್ನ ಹೆಸರು ಬೇಡ. ನೆರೆಮನೆಯ ವಿನೋದಾಳದ್ದು ಹಾಕು.

ಶಹಲಾ: ಹಾಕುವ, ಅದಕ್ಕೇನು? ಡಾಕ್ಟರು ಇಂಜೆಕ್ಷನ್ ಹಿಡ್ಕೊಂಡು ಸೀದಾ ವಿನೋದಾಳ ಹಟ್ಟಿಗೆ ಹೋಗ್ತಾರೆ.

ಕಾವೇರಮ್ಮ ಕುರ್ಚಿಯಿಂದ ಎದ್ದೇ ನಿಂತರು.

ಕಾವೇರಮ್ಮ: ನನ್ನ ಹೆಸರೇ ಬರಿ! ತೋಡಾರು ಕಾವೇರಮ್ಮ ಅಂತ, ದಪ್ಪ ಅಕ್ಷರದಲ್ಲಿ! ಬೇಕಾದ್ರೆ ಬಸ್ ಸ್ಟ್ಯಾಂಡಿನಲ್ಲೂ ಒಂದು ಅಂಟಿಸು!