ಗುಮ್ಮನ ಮರಿಗೂ ಒಂದು ಸೀಟು

ಎರಡನೇ ಕ್ಲಾಸಿನ ಮಕ್ಕಳಿಗೆ ಕಥೆ ಹೇಳಿ ನೆಮ್ಮದಿಯಾಗಿ ಮನೆಗೆ ಹೋದ ದಿನ ನನಗೆ ನೆನಪಿಲ್ಲ. ಕಥೆಯನ್ನು ನಾನು ಮುಗಿಸಿರುತ್ತೇನೆ, ಅವರು ಮುಗಿಸಿರುವುದಿಲ್ಲ. ಬೈಯಪ್ಪನಹಳ್ಳಿಯ ಒಂದು ಸಣ್ಣ ಶಾಲೆಯಲ್ಲಿ ನಾನು ಕನ್ನಡ ಟೀಚರು. ಈ ವರ್ಷ, ಶಾಲೆಗೆ ಸೇರಲು ಹೊರಟ ಒಂದು ಗುಮ್ಮನ ಮರಿಯ ಕಥೆ ಶುರುಮಾಡಿದೆ. ನಾನೇ ಕಟ್ಟಿದ ಕಥೆ, ಹಾಗಾಗಿ ಮುಂದೆ ಆದದ್ದಕ್ಕೆಲ್ಲ ನಾನೇ ಹೊಣೆ.

೧. ತಟ್ಟೆ ಖಾಲಿ

ಮೊದಲು ಜಗಳಕ್ಕೆ ಬಂದವರು ಒಬ್ಬ ತಾಯಿ. ಅವರ ಯಜಮಾನರಿಗೆ ಶಿವಾಜಿನಗರದಲ್ಲಿ ಬಳೆ ಅಂಗಡಿ. ಮಗಳು ಊಟಕ್ಕೆ ಹಟ ಮಾಡಿದಾಗಲೆಲ್ಲ ಗುಮ್ಮ ಬರುತ್ತಾನೆ ಎಂದು ಹೆದರಿಸಿ ತಿನ್ನಿಸುತ್ತಿದ್ದರಂತೆ. ಈಗ ಆ ಹುಡುಗಿ, ಬರಲಿ, ನನ್ನ ಪಕ್ಕ ಕೂರಲಿ ಎಂದು ಬಾಗಿಲು ತೆಗೆದಿಟ್ಟು, ತಟ್ಟೆಯಲ್ಲಿ ಅರ್ಧ ಅದಕ್ಕೆ ಎತ್ತಿಡುತ್ತಾಳಂತೆ. ನಾನು ಕ್ಷಮೆ ಕೇಳಿ ಕಳಿಸಿದೆ.

ವಾರದ ಮೇಲೆ ಗೇಟಿನ ಹತ್ತಿರ ಸಿಕ್ಕರು. ಮುಖ ಅರಳಿತ್ತು. ಊಟ ಸರಿಹೋಯಿತಾ ಎಂದು ಕೇಳಿದೆ.

"ಹೋಯ್ತು ಮಿಸ್. ಈಗ 'ಕನ್ನಡ ಮಿಸ್ ಬರ್ತಾರೆ' ಅಂತೀನಿ. ಎರಡೇ ನಿಮಿಷ, ತಟ್ಟೆ ಖಾಲಿ."

೨. ಓದು ಬಂದ ಮೇಲೆ

ನಾನು ಹಲಸೂರಿನಲ್ಲಿ ಬೆಳೆಯುವಾಗ ದೆವ್ವಕ್ಕೆ ಹೆದರಿ ಮನೆಮನೆಯ ಬಾಗಿಲ ಮೇಲೂ 'ನಾಳೆ ಬಾ' ಎಂದು ಬರೆಯುತ್ತಿದ್ದರು. ದೆವ್ವ ಬಂದು, ಓದಿ, ವಾಪಸ್ ಹೋಗುತ್ತದೆ. ಮಾರನೇ ದಿನವೂ ಅದೇ. ಇದನ್ನೇ ಕಥೆಗೆ ಸೇರಿಸಿದೆ. ಗುಮ್ಮನ ಮರಿ ಬ್ಯಾಗು ಹಾಕಿಕೊಂಡು ದಿನಾ ಶಾಲೆಯ ಬಾಗಿಲಿಗೆ ಬರುತ್ತದೆ, 'ನಾಳೆ ಬಾ' ಎಂದು ಓದಿ, ಅಳುತ್ತಾ ಮನೆಗೆ ಹೋಗುತ್ತದೆ.

ಅರ್ಧ ಕ್ಲಾಸು ಕಣ್ಣೀರು ಹಾಕಿತು. ನನಗೆ ಒಳಗೊಳಗೇ ಹೆಮ್ಮೆ. ಅಷ್ಟರಲ್ಲಿ ಮುಂದಿನ ಬೆಂಚಿನ ಹುಡುಗ ಕೈಯೆತ್ತಿದ.

"ಅದಕ್ಕೆ ಓದೋಕೆ ಬರುತ್ತಲ್ಲ ಮಿಸ್, ಮತ್ತೆ ಶಾಲೆ ಯಾಕೆ?"

೩. ಹೆಲ್ಮೆಟ್ಟಿನ ಒಳಗೆ

ಅದೇ ದಿನ ಹಿಂದಿನ ಬೆಂಚಿನಿಂದ ಒಂದು ಹೊಸ ದನಿ ಕೇಳಿತು. ಯಾದಗಿರಿ ಕಡೆಯ ಹುಡುಗಿ. ಅಪ್ಪನಿಗೆ ಹತ್ತಿರದಲ್ಲೇ ಏಳುತ್ತಿರುವ ಫ್ಲಾಟುಗಳಲ್ಲಿ ಗಾರೆ ಕೆಲಸ. ಊರಿನ ಶಾಲೆಯಿಂದ ಟೀಸಿ ಬಂದಿರಲಿಲ್ಲ, ಹಾಗಾಗಿ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ. ಕ್ಲಾಸಿನಲ್ಲಿ ಕೂರುತ್ತಿದ್ದಳು ಅಷ್ಟೆ, ಮೂರು ವಾರದಿಂದ ತುಟಿ ಬಿಚ್ಚಿರಲಿಲ್ಲ. ಶನಿವಾರದೊಳಗೆ ಹೆಸರು ಸೇರದಿದ್ದರೆ ಈ ವರ್ಷ ಆಗುವುದೇ ಇಲ್ಲ ಎಂದು ಆಫೀಸಿನಲ್ಲಿ ಹೇಳಿದ್ದರು. ಆ ಚಿಂತೆ ನನ್ನ ತಲೆ ತಿನ್ನುತ್ತಿತ್ತು.

"ನಮ್ಮಪ್ಪಗೂ ಆಫೀಸ್ನ್ಯಾಗ ದಿನಾ ಹಂಗ ಅಂತಾರ್ರಿ," ಎಂದಳು. "ನಾಳೆ ಬಾ ಅಂತ."

ನಮ್ಮ ಗುಮಾಸ್ತರು ಕೆಟ್ಟವರೇನಲ್ಲ, ಆ ಮಾತು ಅವರ ಬಾಯಿಗೆ ಅಂಟಿಕೊಂಡುಬಿಟ್ಟಿದೆ. ಮಕ್ಕಳಿಗೆ ಅದೆಲ್ಲ ಬೇಕಾಗಿರಲಿಲ್ಲ. 'ನಾಳೆ ಬಾ' ಅನ್ನಿಸಿಕೊಳ್ಳುವವರು ಯಾರೆಂದು ಅವರಿಗೆ ಗೊತ್ತಿತ್ತು. ಮಾರನೇ ದಿನ ಆ ಅಪ್ಪ ಕೆಲಸದ ಮಧ್ಯೆ ಹಳದಿ ಹೆಲ್ಮೆಟ್ಟಿನಲ್ಲೇ ಓಡಿಬಂದಾಗ ಇಡೀ ಕ್ಲಾಸು ಕಿಟಕಿಗೆ ಜೋತುಬಿದ್ದಿತು. ಗುಮ್ಮನಿಗೆ ಕೋಡೇ ಇಲ್ಲವಲ್ಲ ಎಂದು ಒಬ್ಬಳಿಗೆ ನಿರಾಸೆ.

"ಹೆಲ್ಮೆಟ್ ಯಾಕೆ ಹಾಕಿರೋದು ಮತ್ತೆ?" ಎಂದ ಪಕ್ಕದವನು.

೪. ಇವತ್ತೇ ಬಾ

ಶುಕ್ರವಾರ ಊಟದ ಹೊತ್ತಿನಲ್ಲಿ ನನ್ನ ಸೀಮೆಸುಣ್ಣ ಕಾಣೆಯಾಯಿತು. ಸ್ವಲ್ಪ ಹೊತ್ತಿಗೆ ಹೆಡ್‌ಮಿಸ್ ಹೇಳಿಕಳಿಸಿದರು. ಹೋಗಿ ನೋಡಿದರೆ ಆಫೀಸಿನ ಬಾಗಿಲ ಮೇಲೆ, ಮಕ್ಕಳ ಕೈಗೆ ಎಟುಕುವಷ್ಟು ಎತ್ತರದಲ್ಲಿ, ಸೊಟ್ಟ ಅಕ್ಷರದಲ್ಲಿ 'ಇವತ್ತೇ ಬಾ'. ಗುಮಾಸ್ತರು ಸಿಟ್ಟಿನಿಂದ ಒದ್ದೆ ಬಟ್ಟೆ ಹಿಡಿದು ನಿಂತಿದ್ದರು. ನನ್ನ ಕೆಲಸಕ್ಕೇ ಸಂಚಕಾರ ಬಂತು ಅಂದುಕೊಂಡೆ.

ಅಷ್ಟರಲ್ಲಿ ಆ ಅಪ್ಪ ಬಂದರು. ಬಾಗಿಲು ನೋಡಿ ನಿಧಾನಕ್ಕೆ ಓದಿಕೊಂಡರು. ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು.

"ಇವತ್ತ ಬಾ ಅಂತ ಬರ್ದೀರಲ್ರಿ ಸಾರ್. ಬಂದೀನಿ."

ಹೆಡ್‌ಮಿಸ್‌ಗೆ ನಗು ತಡೆಯಲಾಗಲಿಲ್ಲ. ಅಪ್ಪನಿಂದ ಒಂದು ಮುಚ್ಚಳಿಕೆ ಬರೆಸಿಕೊಳ್ಳಿ, ಟೀಸಿ ಬಂದಾಗ ಬರಲಿ, ಮೊದಲು ಹೆಸರು ಸೇರಿಸಿ ಎಂದರು. ಗುಮಾಸ್ತರು ಬಟ್ಟೆ ಕೆಳಗಿಟ್ಟು ಪೆನ್ನು ಹಿಡಿದರು. ನನಗೆ ಹೋದ ಜೀವ ಬಂದಂತಾಯಿತು. ಸೋಮವಾರ ಮೊದಲ ಸಲ ಅವಳ ಹೆಸರು ಕೂಗಿದೆ. ಇಡೀ ಕ್ಲಾಸು ಒಟ್ಟಿಗೆ "ಬಂದಿದಾಳೆ ಮಿಸ್" ಎಂದಿತು. ಅವಳು ಹೇಳಲು ಜಾಗವೇ ಉಳಿಯಲಿಲ್ಲ.

ಮಧ್ಯಾಹ್ನ ಅವಳೇ ಕ್ಲಾಸಿನ ಪರವಾಗಿ ಆಫೀಸಿಗೆ ಹೋದಳು, ಹಿಂದೆ ನಾನು. ಗುಮ್ಮನ ಮರಿಯನ್ನೂ ಸೇರಿಸಿಕೊಳ್ಳಬೇಕಂತೆ. ಗುಮಾಸ್ತರು ನನ್ನ ಮುಖ ನೋಡಿದರು. ನಗಲಿಲ್ಲ. ಪುಸ್ತಕ ಬಿಚ್ಚಿ, ಪೆನ್ನಿನ ಮುಚ್ಚಳ ತೆಗೆದು, ಸೇರಿಸೋಣ, ಅವರಪ್ಪನ ಸಹಿ ಬೇಕು, ಕರೆದುಕೊಂಡು ಬಾ ಎಂದರು.

ಅವಳು ಬಾಗಿಲವರೆಗೆ ಹೋಗಿ, ತಿರುಗಿ ಬಂದಳು.

"ಬ್ಯಾಡ ಬಿಡ್ರಿ ಸಾರ್. ಅವರಪ್ಪಗೂ ನೀವು ನಾಳೆ ಬಾ ಅಂತೀರಿ."